ನೀರಿನ ಮೇಲೆ ಬೆಳಗಿನ ಗೆರೆ

ಜನವರಿ 14

ಮಗಳೇ,

ನಿಮ್ಮ ಕಾರ್ಖಾನೆಯ ಮಹಾ ಬುದ್ಧಿವಂತರಿಗೆಲ್ಲ ನನ್ನ ಒದ್ದೆ ನಮಸ್ಕಾರ ಹೇಳು. ನೀವು ತಳಕ್ಕೆ ಹೊಸ ಹೊಟ್ಟೆ ಕಟ್ಟಿ ಕಳಿಸಿದ ಹಾರುವ ದೋಣಿ ಬಂದಾಗಿನಿಂದ ನಾನು ಒಣ ಬಟ್ಟೆಯ ಮುಖ ಕಂಡಿಲ್ಲ. ನೀರಿನ ಮೇಲೆ ಓಡಿ ಏಳುವಾಗ ಎರಡೂ ಪಕ್ಕದಿಂದ ಚಿಮ್ಮುವ ನೀರು ಸೀದಾ ಪ್ರೊಪೆಲ್ಲರಿಗೆ ಬಡಿಯುತ್ತದೆ, ಅಲ್ಲಿಂದ ನನ್ನ ಗಾಜಿಗೆ. ಅಷ್ಟು ಹೊತ್ತು ನಾನು ವಿಮಾನ ನಡೆಸುತ್ತಿದ್ದೇನೋ ಬಟ್ಟೆ ಒಗೆಯುತ್ತಿದ್ದೇನೋ ನನಗೇ ಗೊತ್ತಾಗುವುದಿಲ್ಲ. ನಮ್ಮ ಮೆಕ್ಯಾನಿಕ್ ಮೀಸೆ ದಿನಾ ಸಂಜೆ ಪ್ರೊಪೆಲ್ಲರಿನ ಅಂಚು ಸವರಿ ನೋಡಿ, "ಅಕ್ಕಾ, ಇಲಿ ಕಡಿದಂಗಿದೆ" ಅನ್ನುತ್ತಾನೆ. ಮೊನ್ನೆ ಆಚೆ ದಡದ ಮೇಷ್ಟರೊಬ್ಬರು ಇಳಿಯುವಾಗ ತಲೆ ಒರೆಸಿಕೊಳ್ಳುತ್ತಾ, "ಟಿಕೆಟ್ಟಿನ ಜೊತೆ ಸ್ನಾನನೂ ಸೇರಿದೆಯೇನಮ್ಮಾ?" ಅಂತ ಕೇಳಿದರು. ಹೊಟ್ಟೆಯ ನಕ್ಷೆ ಬರೆದವಳು ನನ್ನ ಮಗಳೇ ಅಂತ ಹೇಳಲು ಧೈರ್ಯ ಬರಲಿಲ್ಲ.

ಆದರೂ ನನ್ನ ಎಮ್ಮೆ ಒಳ್ಳೆಯದು. ದೋಣಿಗೆ ಆ ಹೆಸರಿಟ್ಟವನು ಮೀಸೆ. ನೀರು ಕಂಡರೆ ಮೇಲೇಳಲು ಒಪ್ಪುವುದಿಲ್ಲ ಅಂತ.

ಇನ್ನೊಂದು ವಿಷಯ. ಮೊದಲ ಹಾರಾಟಕ್ಕೆ ಮುಂಚೆ ದೋಣಿ ಕಟ್ಟುವ ಹಲಗೆ ಕಟ್ಟೆಯ ಮೇಲೆ ನಿಂತು ನೀರು ನೋಡುವುದು ನನ್ನ ಅಭ್ಯಾಸ. ಮರದ ದಿಮ್ಮಿ ಏನಾದರೂ ತೇಲುತ್ತಿದೆಯೋ, ಗಾಳಿ ಎತ್ತ ಇದೆಯೋ ಅಂತ. ಈ ವಾರ ಗಾಳಿಯೇ ಇಲ್ಲ, ನೀರು ಕನ್ನಡಿಯ ಹಾಗಿದೆ. ಆ ನೀರಿನ ಮೇಲೆ ಉದ್ದಕ್ಕೆ ಒಂದು ಬಿಳಿ ನೊರೆಯ ಗೆರೆ ಬಿದ್ದಿರುತ್ತದೆ. ಯಾರೋ ನನಗಿಂತ ಮುಂಚೆ ಎದ್ದು ಬಂದು ಇಳಿದಿದ್ದಾರೆ ಅನ್ನಬೇಕು. ಈ ಕೆರೆಗೆ ಇರುವುದು ಒಂದೇ ಎಮ್ಮೆ, ಅದು ನನ್ನ ಕಾಲ ಬಳಿ ಹಗ್ಗ ಕಟ್ಟಿಸಿಕೊಂಡು ನಿಂತಿದೆ. ಮೀಸೆಗೆ ತೋರಿಸಿದೆ. ಅವನು ನೋಡಿದ, ಒಳಗೆ ಹೋಗಿ ಎಣ್ಣೆಯ ಡಬ್ಬ ತೊಳೆಯತೊಡಗಿದ. ನೀರಿನ ವಿಷಯ ಓದಿದವಳು ನೀನು, ಏನದು ಹೇಳು.

ಇನ್ನೂ ಒಣಗದ
ನಿನ್ನ ಅಮ್ಮ

ಜನವರಿ 21

ಅಮ್ಮಾ,

ನಿನ್ನ ಕಾಗದವನ್ನು ಊಟದ ಹೊತ್ತಿನಲ್ಲಿ ಎಲ್ಲರ ಎದುರು ಓದಿದೆ. ಸ್ನಾನದ ಮಾತಿಗೆ ನಮ್ಮ ದೊಡ್ಡವರೂ ನಕ್ಕರು. ಮುಖ್ಯ ವಿನ್ಯಾಸಕಾರರಾದ ಅವರು ನಗುವುದು ಗ್ರಹಣ ಹಿಡಿದಷ್ಟು ಅಪರೂಪ. ಆದರೆ ತಪ್ಪು ನಮ್ಮದೇ. ದೋಣಿಯ ತಳವೂ ಪಕ್ಕವೂ ಸೇರುವ ಅಂಚಿನಿಂದ ನೀರು ಹಾಳೆಯಾಗಿ ಮೇಲೇಳುತ್ತದೆ. ಆ ಅಂಚಿನ ಉದ್ದಕ್ಕೂ ಕೆಳಮುಖವಾಗಿ ಒಂದು ಲೋಹದ ಪಟ್ಟಿ ಕೂರಿಸಿದರೆ ಹಾಳೆ ಬಾಗಿ ಹೊರಗೆ ಬೀಳುತ್ತದೆ. ಇವತ್ತು ಮಾದರಿಗೆ ಅಂಟಿಸಿ ಎಳೆದು ನೋಡಿದೆ, ಪ್ರೊಪೆಲ್ಲರಿಗೆ ಒಂದು ಹನಿಯೂ ತಾಕಲಿಲ್ಲ. ಪಟ್ಟಿಗಳನ್ನು ಪೆಟ್ಟಿಗೆಯಲ್ಲಿ ಕಳಿಸುತ್ತೇವೆ, ಮೀಸೆ ಕೂರಿಸಲಿ.

ನಾವು ಮಾದರಿ ಎಳೆದು ನೋಡುವ ನೀರಿನ ತೊಟ್ಟಿಯನ್ನು ನೀನು ನೋಡಿಲ್ಲ. ಒಂದು ಬೀದಿಯಷ್ಟು ಉದ್ದ, ಮೇಲೆ ಸೂರು, ಎರಡೂ ಬದಿಗೆ ಹಳಿ. ಹಳಿಯ ಮೇಲೆ ಗಾಡಿ, ಗಾಡಿಯ ಕೆಳಗೆ ತೊಟ್ಟಿಲಿನಷ್ಟು ದೊಡ್ಡ ಮಾದರಿ ದೋಣಿ. ಒಮ್ಮೆ ಎಳೆದರೆ ನೀರು ಪೂರ್ತಿ ಮಲಗುವ ತನಕ ಮತ್ತೆ ಎಳೆಯುವಂತಿಲ್ಲ. ಹೊಸ ಓಟದಲ್ಲಿ ಹಳೆಯ ಅಲೆ ಬೆರೆತರೆ ಲೆಕ್ಕವೆಲ್ಲ ಸುಳ್ಳಾಗುತ್ತದೆ. ನಮ್ಮ ಕೆಲಸದಲ್ಲಿ ಮುಕ್ಕಾಲು ಪಾಲು ಬರೀ ಕಾಯುವುದು. ಇನ್ನೊಂದು ಕಟ್ಟುನಿಟ್ಟು, ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡು ಬದಲಿಸಿದರೆ ಯಾವುದರಿಂದ ಏನಾಯಿತು ಅಂತ ದೇವರಿಗೂ ತಿಳಿಯುವುದಿಲ್ಲ.

ನಿನ್ನ ಗೆರೆ ತಣ್ಣನೆಯ ನೀರು, ಬೆಚ್ಚನೆಯ ನೀರು ಕೂಡುವ ಕಡೆ ಕಾಣುವ ಗೆರೆ ಇರಬೇಕು. ತಲೆ ಕೆಡಿಸಿಕೊಳ್ಳಬೇಡ.

ನನ್ನ ಮನೆಯ ಹಿಂಬದಿ ಕೋಣೆಗೆ ಸುಣ್ಣ ಹೊಡೆಸಿದೆ. ಸುಮ್ಮನೆ ಹೇಳಿದೆ, ಅಷ್ಟೆ.

ಪೀಡಿಸುವುದಿಲ್ಲ ಎಂದು ಮಾತು ಕೊಟ್ಟಿರುವ
ನಿನ್ನ ಮಗಳು

ಫೆಬ್ರವರಿ 6

ಮಗಳೇ,

ಪಟ್ಟಿ ಕೂರಿಸಿ ಆಯಿತು. ಪ್ರಯಾಣಿಕರು ಒಣಗಿದ್ದಾರೆ, ಮೀಸೆ ಒಣಗಿದ್ದಾನೆ, ಮೇಷ್ಟರಿಗೆ ಸ್ನಾನ ತಪ್ಪಿದೆ. ನಿನ್ನ ಹೊಟ್ಟೆ ತಣ್ಣಗಿರಲಿ.

ಈಗ ನಾನು ಹೇಳುವುದನ್ನು ನಗದೆ ಓದು. ಎಮ್ಮೆ ನೀರಿನಲ್ಲಿ ಬಿಡುವ ಗೆರೆಯನ್ನು ನಾನು ದಿನಾ ನೋಡುತ್ತೇನೆ. ಪಟ್ಟಿ ಇಲ್ಲದಿದ್ದಾಗ ಅದರ ಎರಡೂ ಅಂಚು ಹರಿದ ಬಟ್ಟೆಯಂತಿತ್ತು. ಬೆಳಗಿನ ಗೆರೆಯೂ ಹಾಗೇ ಇತ್ತು. ಜನವರಿ ಇಪ್ಪತ್ತೆರಡರ ಬೆಳಗ್ಗೆ ನೋಡಿದರೆ ಅಂಚು ಕತ್ತರಿಸಿದ ಹಾಗೆ ನೇರ! ಅಂದರೆ ನೀನು ಮಾದರಿಗೆ ಪಟ್ಟಿ ಅಂಟಿಸಿದ ಮಾರನೆಯ ದಿನ. ಆಗ ನಿನ್ನ ಕಾಗದವೇ ನನಗೆ ತಲುಪಿರಲಿಲ್ಲ ಕಣೇ, ಪೆಟ್ಟಿಗೆಯ ಮಾತು ಹಾಗಿರಲಿ. ಮೊನ್ನೆ ಪಟ್ಟಿ ಕೂರಿಸಿದ ಮೇಲೆ ಇಳಿದು ಹಿಂದಕ್ಕೆ ತಿರುಗಿ ನೋಡಿದೆ. ನನ್ನ ಹಿಂದೆ ಬಿದ್ದಿದ್ದ ಗೆರೆಯೂ ಅದೇ. ತಣ್ಣೀರು ಬಿಸಿನೀರಿನ ಕತೆ ನನ್ನ ಹತ್ತಿರ ಹೇಳಬೇಡ. ಅದು ನನ್ನ ಎಮ್ಮೆ ಬಿಡುವ ಗೆರೆ. ಇನ್ನೂ ಬಿಟ್ಟಿಲ್ಲ, ಅಷ್ಟೆ.

ಕೆರೆಯೊಳಗಿನ ದ್ವೀಪದ ಕಡೆಯಿಂದ ಶುರುವಾಗಿ ಈಚೆಗೆ ಬರುತ್ತದೆ. ಮೊದಲು ಉದ್ದಕ್ಕೆ ಬಿಳಿ. ಆಮೇಲೆ ಬರೀ ನೀರು. ಮತ್ತೆ ಬಿಳಿ, ಮತ್ತೆ ಬರೀ ನೀರು. ಕೊನೆಗೆ ಕೆರೆಯ ನಡುವೆ ಒಂದು ಗುಂಡನೆಯ ನೊರೆ. ಗಾಳಿ ಎದ್ದಾಗ ಗೆರೆ ಅಳಿಸಿಹೋಗುತ್ತದೆ, ಆ ಗುಂಡು ಮಾತ್ರ ಬಹಳ ಹೊತ್ತು ಇರುತ್ತದೆ. ಹಾಳೆಯ ಹಿಂದೆ ಬರೆದು ತೋರಿಸಿದ್ದೇನೆ. ಹೊಸಬನಿಗೂ ಕಾಣಿಸುತ್ತದೆ. ನನ್ನ ಕೆಲಸ ಕಲಿಯಲು ಬಂದಿರುವ ಎಳೆಯ ಪೈಲಟ್ ಅವನು. ಬೇರೆ ಕಡೆ ಹಾರಿಸಿ ಬಂದವನೇ, ಆದರೆ ಎಮ್ಮೆಯನ್ನು ನಾನಿನ್ನೂ ಅವನ ಕೈಗೆ ಕೊಟ್ಟಿಲ್ಲ. ಚಾಲಕರ ಸೀಟು ಒಂದೇ ಇರುವುದರಿಂದ ಹಿಂದೆ ಅಂಚೆ ಚೀಲದ ಮೇಲೆ ಕೂತು ನೋಡುತ್ತಾನೆ. "ಮೇಡಂ, ಯಾರದು ಬೆಳಗ್ಗೆ ಬೆಳಗ್ಗೆ ಇಳಿಯೋದು?" ಅಂದ. "ನಿನ್ನ ದೊಡ್ಡಮ್ಮ" ಅಂದೆ. ಅವನು ನಕ್ಕ. ನನಗೆ ನಗು ಬರಲಿಲ್ಲ.

ನಿನ್ನ ಅಮ್ಮ

ಫೆಬ್ರವರಿ 11

ಅಮ್ಮಾ,

ನಿನ್ನ ಚಿತ್ರ ನೋಡಿದ ತಕ್ಷಣ ತೊಟ್ಟಿಗೆ ಓಡಿದೆ. ದಯವಿಟ್ಟು ಇದನ್ನು ನಿಧಾನವಾಗಿ ಓದು.

ಎಮ್ಮೆಯ ತಳದಲ್ಲಿ, ನಡುವಿನಲ್ಲಿ, ಒಂದು ಮೆಟ್ಟಿಲು ಇದೆ. ಮುಂದಿನ ತಳ ಸ್ವಲ್ಪ ಕೆಳಗೆ, ಹಿಂದಿನದು ಸ್ವಲ್ಪ ಮೇಲೆ. ವೇಗವಾಗಿ ಓಡುವಾಗ ಆ ಮೆಟ್ಟಿಲಿನ ಹಿಂದೆ ಗಾಳಿ ನುಗ್ಗಬೇಕು, ಆಗಲೇ ನೀರು ತಳವನ್ನು ಬಿಡುವುದು. ಹೊಸ ಹೊಟ್ಟೆಯಲ್ಲಿ ಪೆಟ್ರೋಲ್ ಉಳಿಸಲು ಆ ಮೆಟ್ಟಿಲನ್ನು ಗಿಡ್ಡ ಮಾಡಿದೆವು. ಗಿಡ್ಡ ಮೆಟ್ಟಿಲಿಗೆ ಗಾಳಿ ಸಾಲದು. ಇಳಿಯುವಾಗ ನೀರು ಹಿಂದಿನ ತಳವನ್ನು ಒಮ್ಮೆ ಹೀರುತ್ತದೆ, ಒಮ್ಮೆ ಬಿಡುತ್ತದೆ. ಚಪ್ಪಟೆ ಕಲ್ಲನ್ನು ಬೀಸಿ ಎಸೆದರೆ ನೀರಿನ ಮೇಲೆ ಕುಪ್ಪಳಿಸುತ್ತಾ ಹೋಗುತ್ತದಲ್ಲ, ದೋಣಿಯೂ ಹಾಗೆ ಹೋಗುತ್ತದೆ. ಪ್ರತಿ ಕುಪ್ಪಳಿಕೆಗೂ ವೇಗ ಸಾಯುತ್ತದೆ. ಕೊನೆಯ ಸಲ ಗಾಳಿಯಲ್ಲಿ ನಿಲ್ಲುವಷ್ಟು ವೇಗ ಇರುವುದಿಲ್ಲ, ಮೂಗು ಮುಂದಾಗಿ ಬೀಳುತ್ತದೆ.

ಇವತ್ತು ಮಾದರಿಯನ್ನು ಗಾಡಿಯಿಂದ ಬಿಡಿಸಿ ತಾನಾಗಿ ಇಳಿಯಲು ಬಿಟ್ಟೆ. ಕುಪ್ಪಳಿಸಿತು. ನೀರಿನ ಫೋಟೊ ತೆಗೆಸಿ ನಿನ್ನ ಚಿತ್ರದ ಪಕ್ಕ ಇಟ್ಟೆ. ಬಿಳಿ, ನೀರು, ಬಿಳಿ, ನೀರು. ಎರಡೂ ಒಂದೇ ಅಮ್ಮಾ. ಗುಂಡನೆಯ ನೊರೆ ಇರುವುದು ಮಾದರಿ ಮುಳುಗಿದ ಜಾಗದಲ್ಲಿ.

ಸಂಜೆ ಮುಂದಿನ ತಳಕ್ಕೆ ಒಂದು ತೆಳು ಹಲಗೆ ಅಂಟಿಸಿ ಮೆಟ್ಟಿಲನ್ನು ಸ್ವಲ್ಪ ಎತ್ತರಿಸಿದ್ದೇನೆ. ಸಾಲುವುದಿಲ್ಲ ಅಂತ ಗೊತ್ತು. ನಾನು ಸರಿಮಾಡುವ ತನಕ ಹಾರಬೇಡ. ಕಾಲಿಗೆ ಬೀಳುತ್ತೇನೆ.

ಮಗಳು

ಫೆಬ್ರವರಿ 12

ಮಗಳೇ,

ಎರಡೇ ಸಾಲು, ಅಂಚೆ ಹೊರಡುತ್ತಿದೆ. ಇವತ್ತು ಬೆಳಗ್ಗೆ ಗೆರೆಯ ನಡುವಿನ ತೆರಪುಗಳು ಚಿಕ್ಕವಾಗಿವೆ. ನೀನು ನಿನ್ನೆ ಏನಾದರೂ ಮಾಡಿದೆಯಾ?

ಅಮ್ಮ

ಫೆಬ್ರವರಿ 19

ಮಗಳೇ,

ನಿನ್ನ ಕಾಗದ ಬಂತು. ನನ್ನದು ನಿನಗೆ ಬಂದಿರಬೇಕು. ತಾರೀಖು ಪಕ್ಕಪಕ್ಕ ಇಟ್ಟು ನೋಡಿದೆ, ನೀನು ಹನ್ನೊಂದರ ಸಂಜೆ ಎತ್ತರಿಸಿದ್ದೀಯ, ನಾನು ಹನ್ನೆರಡರ ಬೆಳಗ್ಗೆ ಕಂಡಿದ್ದೇನೆ.

ಹಾರಬೇಡ ಅನ್ನುವುದು ಸುಲಭ. ಆಚೆ ದಡಕ್ಕೆ ರಸ್ತೆ ಇಲ್ಲ. ಕಳೆದ ವಾರ ಒಬ್ಬಳಿಗೆ ಹೆರಿಗೆಯಲ್ಲಿ ಮಗು ಅಡ್ಡ ತಿರುಗಿತ್ತು, ಈಚೆ ಆಸ್ಪತ್ರೆಗೆ ಕರೆತಂದೆ, ಇಬ್ಬರೂ ಬದುಕಿದರು. ನಾನು ಮನೆಯಲ್ಲಿ ಕೂತಿದ್ದರೆ ಏನಾಗುತ್ತಿತ್ತು ನೀನೇ ಹೇಳು. ಕಾರ್ಖಾನೆ ಬೇರೆ ದೋಣಿ ಕಳಿಸುತ್ತದೆಯೇ? ಕಳಿಸುವುದಿಲ್ಲ. ಹಾಗಾಗಿ ನಾನು ಮಾಡುವುದಿಷ್ಟು. ನೀರು ಕನ್ನಡಿಯಂತಿರುವಾಗ ಇಳಿಯುವುದಿಲ್ಲ. ಗಾಳಿ ಎದ್ದು ನೀರು ಒರಟಾದ ಮೇಲೆ, ಎಂಜಿನ್ ಪೂರ್ತಿ ಇಳಿಸದೆ, ಮಲಗಿದ ಮಗುವನ್ನು ಚಾಪೆಗೆ ಹಾಕುವ ಹಾಗೆ ಇಳಿಸುತ್ತೇನೆ. ಇಷ್ಟು ವರ್ಷದಲ್ಲಿ ಇಷ್ಟಾದರೂ ಬರುತ್ತದೆ ನಿನ್ನ ಅಮ್ಮನಿಗೆ.

ಇನ್ನು ನೀನು ಮಾಡಬೇಕಾದದ್ದು. ನೀನು ಅಲ್ಲಿ ಬದಲಿಸು, ನಾನು ಇಲ್ಲಿ ನೋಡುತ್ತೇನೆ. ನಿನ್ನ ತೊಟ್ಟಿಗಿಂತ ನನ್ನ ಕೆರೆ ದೊಡ್ಡದು. ಯಾಕೆ ಹೀಗೆ, ಯಾರು ತೋರಿಸುತ್ತಾರೆ ಅಂತ ಕೇಳುತ್ತಾ ಕೂತರೆ ಇಬ್ಬರಿಗೂ ಹುಚ್ಚು ಹಿಡಿಯುತ್ತದೆ. ತೋರಿಸುವಷ್ಟು ದಿನ ನೋಡಿಬಿಡೋಣ.

ಇನ್ನೂ ಗಟ್ಟಿಯಾಗಿರುವ
ಅಮ್ಮ

ಮಾರ್ಚ್ 2

ಅಮ್ಮಾ,

ಇಪ್ಪತ್ತಾರರಂದು ಮೆಟ್ಟಿಲನ್ನು ಇನ್ನಷ್ಟು ಎತ್ತರಿಸಿದೆ. ಇವತ್ತು ಅದನ್ನು ಒಂದು ಗೇಣು ಹಿಂದಕ್ಕೆ ಸರಿಸಿದ್ದೇನೆ. ಎಮ್ಮೆಯ ಅಳತೆಯಲ್ಲಿ ಒಂದು ಗೇಣು, ಮಾದರಿಯಲ್ಲಿ ಉಗುರಿನಷ್ಟು. ಎರಡೂ ದಿನದ ಮಾರನೆಯ ಬೆಳಗ್ಗೆ ಏನು ಕಂಡಿತು ಬರೆ.

ದೊಡ್ಡವರು ಇಪ್ಪತ್ತಾರರಂದು ಪಕ್ಕ ನಿಂತು ನೋಡಿ, "ಇನ್ನೂ ಎಳೆದೇ ಇಲ್ಲ, ಆ ತೆಳು ಹಲಗೆ ಸಾಲಲ್ಲ ಅಂತ ಹೇಗಮ್ಮಾ ಹೇಳ್ತೀಯ?" ಎಂದು ಕೇಳಿದರು. "ಅಮ್ಮ ಹೇಳಿದ್ರು ಸಾರ್" ಅಂದೆ. ತಲೆ ಕೆರೆದುಕೊಂಡು ಹೋದರು.

ಹೆದರಿಕೆ ನನಗೆ ನಿನ್ನ ಗೆರೆಯ ವಿಷಯ ಓದುವಾಗ ಆಗುವುದಿಲ್ಲ. ನೀರು ಮಲಗಲಿ ಎಂದು ಕಾಯುವಾಗ ಆಗುತ್ತದೆ. ನೀರು ನೋಡುತ್ತಾ ನಿಂತಿರುತ್ತೇನೆ, ಅದೂ ನನ್ನನ್ನು ನೋಡುತ್ತಾ ನಿಂತಿದೆ ಅನ್ನಿಸುತ್ತದೆ.

ಮಗಳು

ಮಾರ್ಚ್ 8

ಮಗಳೇ,

ಇಪ್ಪತ್ತೇಳರಂದು ತೆರಪು ಒಂದೇ ಒಂದು ಇತ್ತು. ಮೂರನೆಯ ತಾರೀಖು ಅದೂ ಇಲ್ಲ. ಆದರೆ ಹೊಸ ರೋಗ ಬಂತು. ಗೆರೆ ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ, ಮತ್ತೆ ದಪ್ಪ, ಮತ್ತೆ ಸಣ್ಣ. ಹಾವು ಇಲಿಗಳನ್ನು ಸಾಲಾಗಿ ನುಂಗಿದ ಹಾಗೆ. ಗುಂಡನೆಯ ನೊರೆ ಅಲ್ಲೇ ಇದೆ.

ಅಮ್ಮ

ಮಾರ್ಚ್ 14

ಅಮ್ಮಾ,

ಅದು ಮೂಗು ಎತ್ತಿ ಮೂಗು ಇಳಿಸಿ ಕುಣಿಯುವ ರೋಗ. ಮೆಟ್ಟಿಲು ಬಹಳ ಹಿಂದೆ ಹೋದರೆ ಬರುತ್ತದೆ. ಪ್ರತಿ ಕುಣಿತವೂ ಹಿಂದಿನದಕ್ಕಿಂತ ದೊಡ್ಡದಾಗುತ್ತದೆ, ಕೈಯಲ್ಲಿ ಹಿಡಿದು ನಿಲ್ಲಿಸಲು ಹೋದರೆ ಇನ್ನೂ ಹೆಚ್ಚುತ್ತದೆ. ಇವತ್ತು ಮೆಟ್ಟಿಲನ್ನು ಅರ್ಧ ಗೇಣು ಮುಂದಕ್ಕೆ ತಂದೆ. ಅದೊಂದೇ ಬದಲಾವಣೆ. ನಾಳೆ ಬೆಳಗ್ಗೆ ನೋಡು. ನೋಡಿದ ತಕ್ಷಣ ಬರೆ.

ಮಗಳು

ಮಾರ್ಚ್ 15

ಮಗಳೇ!

ನಿನಗೆ ಹೇಗೆ ಹೇಳಲಿ. ನೀನು ನಿನ್ನೆ ಏನು ಮಾಡಿದೆಯೋ ನನಗೆ ಇನ್ನೂ ಗೊತ್ತಿಲ್ಲ, ಆದರೆ ಮಾಡಿಬಿಟ್ಟೆ. ಇವತ್ತಿನ ಗೆರೆ ದಾರದ ಹಾಗಿದೆ. ತೆರಪಿಲ್ಲ, ಉಬ್ಬಿಲ್ಲ, ಶುರುವಿನಿಂದ ಕೊನೆಯ ತನಕ ಒಂದೇ ಅಗಲ. ಇಷ್ಟು ಚಂದ ನಾನು ಯಾವತ್ತೂ ಇಳಿಸಿಲ್ಲ. ಮೀಸೆಯನ್ನು ಎಳೆದು ತಂದು ತೋರಿಸಿದೆ. ಅವನು ಗೆರೆಯ ವಿಷಯಕ್ಕೆ ಮೊದಲ ಸಲ ಬಾಯಿಬಿಟ್ಟು, "ಅಕ್ಕಾ, ಇದು ಒಳ್ಳೇದೋ ಕೆಟ್ಟದ್ದೋ?" ಅಂದ. "ಒಳ್ಳೇದು ಕಣೋ, ನನ್ನ ಮಗಳದ್ದು" ಅಂದೆ.

ಬೀಗುತ್ತಿರುವ
ಅಮ್ಮ

ಏಪ್ರಿಲ್ 17

ಮಗಳೇ,

ನಿಮ್ಮ ಕಾರ್ಖಾನೆಯವರು ಬಂದು ಎಮ್ಮೆಯನ್ನು ದಡಕ್ಕೆ ಎಳೆದು, ಹೊಟ್ಟೆ ಬಿಚ್ಚಿ, ಹೊಸ ಮೆಟ್ಟಿಲು ಕಟ್ಟಿ ಹೋದರು. ಅಷ್ಟು ಕೆಲಸಕ್ಕೆ ದೊಡ್ಡವರು ನಿನ್ನ ಮಾತಿನ ಮೇಲೆ ಒಪ್ಪಿದ್ದೇ ನನಗೆ ಆಶ್ಚರ್ಯ. ನಿನ್ನೆ ಮೊದಲ ಸಲ ಹಾರಿಸಿದೆ. ಬೇಕೆಂದೇ ಕನ್ನಡಿಯಂಥ ನೀರಿನ ಮೇಲೆ ಇಳಿಸಿದೆ, ಬೈಯಬೇಡ. ನೀರು ತಾಕಿದ್ದು ಗೊತ್ತಾಗಲಿಲ್ಲ. ಹಿಂದೆ ಹೊಸಬ, "ಇಳಿದಾಯ್ತಾ ಮೇಡಂ?" ಅಂತ ಕೇಳಿದ. ಇದಕ್ಕಿಂತ ದೊಡ್ಡ ಬಹುಮಾನ ನಿನಗೆ ಯಾರೂ ಕೊಡಲಾರರು.

ಬೆಳಗಿನ ಗೆರೆ ಇನ್ನೂ ಬೀಳುತ್ತಿದೆ. ಎಮ್ಮೆ ದಡದ ಮೇಲೆ ಹೊಟ್ಟೆ ಬಿಚ್ಚಿಕೊಂಡು ಮಲಗಿದ್ದ ದಿನಗಳಲ್ಲೂ ಬೀಳುತ್ತಿತ್ತು. ಚೊಕ್ಕವಾಗಿ ಬರುತ್ತದೆ, ನಡುವೆ ನಿಲ್ಲುತ್ತದೆ, ಗುಂಡನೆಯ ನೊರೆ. ಅದೊಂದು ಇದೆ. ಇರಲಿ ಬಿಡು.

ಅಮ್ಮ

ಏಪ್ರಿಲ್ 23

ಅಮ್ಮಾ,

"ಇರಲಿ ಬಿಡು" ಅನ್ನುವ ಮಾತನ್ನು ನೀನು ಯಾವಾಗ ಹೇಳುತ್ತೀಯ ಅಂತ ನನಗೆ ಗೊತ್ತು.

ಒಂದೇ ಪ್ರಶ್ನೆ. ದೋಣಿ ವೇಗ ಕಳೆದುಕೊಂಡು ನೀರಿನಲ್ಲಿ ಕೂತಾಗ ಗುಂಡನೆಯ ನೊರೆ ಬರುವುದು ಸಹಜ. ಅದರಲ್ಲಿ ಹೆದರುವಂಥದ್ದು ಏನೂ ಇಲ್ಲ. ಆಮೇಲೆ ಪೈಲಟ್ ತಿರುಗಿಸಿ ನಿಧಾನವಾಗಿ ಕಟ್ಟೆಗೆ ತರುತ್ತಾರೆ, ಅದಕ್ಕೊಂದು ಸಣ್ಣ ಗೆರೆ ಬೀಳುತ್ತದೆ. ಗುಂಡಿನಿಂದ ಕಟ್ಟೆಯವರೆಗೆ ಆ ಸಣ್ಣ ಗೆರೆ ಇದೆಯಾ?

ಮಗಳು

ಏಪ್ರಿಲ್ 29

ಇಲ್ಲ. ಮೊದಲಿನಿಂದಲೂ ಇರಲಿಲ್ಲ.

ಅಮ್ಮ

ಮೇ 8

ಅಮ್ಮಾ,

ಈ ಕಾಗದವನ್ನು ನಾಲ್ಕು ಸಲ ಬರೆದು ಹರಿದೆ.

ನಿನ್ನ ಒಂದು ಸಾಲು ಬಂದ ಮೇಲೆ ಸಿಕ್ಕಿದ್ದನ್ನೆಲ್ಲ ಬದಲಿಸಿ ನೋಡಿದೆ. ಹಿಂದಿನ ತಳದ ಕೋನ, ಬಾಲದ ಎತ್ತರ, ಪಟ್ಟಿಯ ಉದ್ದ, ಒಂದೊಂದು ದಿನ ಒಂದೊಂದು. ಈ ಸಲ ನಿನ್ನನ್ನು ಕೇಳಲು ಧೈರ್ಯ ಬರದೆ, ನಿಮ್ಮ ಆಫೀಸಿಗೆ ಹೊಸದಾಗಿ ಬಂದಿರುವ ಫೋನಿನಲ್ಲಿ ಮೀಸೆಯನ್ನು ಹಿಡಿದೆ. ಪ್ರತಿ ಬೆಳಗ್ಗೆಯೂ ಅವನದ್ದು ಒಂದೇ ಮಾತು, "ಮಧ್ಯದಲ್ಲೇ ನಿಂತದೆ ಕಣಮ್ಮಾ." ಹೊಟ್ಟೆಯಲ್ಲಿ ಇನ್ನು ಬದಲಿಸಲು ಏನೂ ಉಳಿದಿಲ್ಲ. ಹೊಟ್ಟೆ ಸರಿಯಾಗಿದೆ.

ಮಾದರಿಯೊಳಗೆ ಭಾರಕ್ಕೆಂದು ಸೀಸದ ತುಂಡುಗಳನ್ನು ಇಡುತ್ತೇವೆ. ಎಂಜಿನ್ನಿಗೆ ಒಂದು, ಪೆಟ್ರೋಲಿಗೆ ಒಂದು, ಪ್ರಯಾಣಿಕರಿಗೆ ಕೆಲವು. ಮೂಗಿನ ಹತ್ತಿರ ಒಂದು ಚಿಕ್ಕದು ಇದೆ, ಪೈಲಟ್‌ನ ತೂಕದ್ದು. ಅದು ನೀನು. ಇಷ್ಟು ತಿಂಗಳಲ್ಲಿ ದೋಣಿಯ ಪ್ರತಿಯೊಂದು ಭಾಗವನ್ನೂ ಮುಟ್ಟಿದ್ದೇನೆ, ಅದನ್ನು ಒಮ್ಮೆಯೂ ಮುಟ್ಟಿಲ್ಲ. ತಪ್ಪು ಅಲ್ಲಿರಬಹುದು ಅಂತ ನನ್ನ ತಲೆಗೇ ಬರಲಿಲ್ಲ. ಲೋಕದ ತಪ್ಪೆಲ್ಲ ದೋಣಿಯ ತಳದಲ್ಲೇ ಇರುತ್ತದೆ ಅಂತ ನಂಬಿದವರು ನಾವು. ನಿನ್ನೆ ಆ ತುಂಡನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡು ಕೂತೆ. ಬಿಸಿಯಾಗುವ ತನಕ ಹಿಡಿದಿದ್ದೆ.

ಒಂದೇ ಒಂದು ಬದಲಾವಣೆ ಉಳಿದಿದೆ. ಮಾರನೆಯ ದಿನ ಹೊಸಬನೇ ಹಾರಿಸಲಿ ಅಂತ ಒಂದು ಸಂಜೆ ನಿಜವಾಗಿ ನಿರ್ಧರಿಸು. ಬೆಳಗ್ಗೆ ನೀರು ನೋಡು. ಅಷ್ಟೇ ಕೇಳುವುದು.

ನೀನು ಕೆಳಗಿಳಿಯಬೇಕು ಅಂತ ನನಗೆ ಎಷ್ಟೋ ವರ್ಷದಿಂದ ಆಸೆ ಇದೆ, ನಿನಗೂ ಗೊತ್ತು. ಇದು ಆ ಆಸೆಯೋ ಅಥವಾ ಲೆಕ್ಕವೋ ಎಂದು ನನ್ನನ್ನೇ ಕೇಳಿಕೊಂಡೆ. ಆಣೆ ಮಾಡಿ ಹೇಳಲು ಆಗುವುದಿಲ್ಲ. ಅದಕ್ಕೇ ನಿನ್ನ ಕಣ್ಣಿಂದಲೇ ನೋಡು ಅನ್ನುತ್ತಿದ್ದೇನೆ.

ನಿನ್ನ ಮಗಳು

ಮೇ 26

ಅಮ್ಮಾ,

ಉತ್ತರ ಬರಲಿಲ್ಲ. ಮೀಸೆ ಫೋನ್ ಎತ್ತುತ್ತಿಲ್ಲ. ನೀನೇ ಬೇಡ ಅಂದಿರಬೇಕು. ಬೈದಾದರೂ ಬರೆ.

ಮಗಳು

ಜೂನ್ 10

ಅಮ್ಮಾ,

ಪತ್ರಿಕೆಯಲ್ಲಿ ನಿಮ್ಮ ಕೆರೆಯ ಹೆಸರು ಬಂದಿದೆಯೋ ಅಂತ ದಿನಾ ಮೊದಲು ಅದನ್ನೇ ಹುಡುಕುತ್ತೇನೆ. ಇಲ್ಲದಿದ್ದರೆ ಮಾತ್ರ ಚಹಾ ಕುಡಿಯುತ್ತೇನೆ. ಇಷ್ಟೇ ಹೇಳಬೇಕಿತ್ತು.

ಮಗಳು

ಜೂನ್ 18

ಮಗಳೇ,

ಬೈದಾದರೂ ಬರೆ ಅಂದೆಯಲ್ಲ, ತಗೋ.

ಇದನ್ನು ಮಗಳಾಗಿ ಬರೆದೆಯೋ ಇಂಜಿನಿಯರಾಗಿ ಬರೆದೆಯೋ? ಇಂಜಿನಿಯರಾಗಿದ್ದರೆ, ಒಂದು ಸೀಸದ ತುಂಡು ತೆಗೆದು ಇನ್ನೊಂದು ಇಡುವಷ್ಟು ಸುಲಭವಲ್ಲ ಇದು. ಮಗಳಾಗಿದ್ದರೆ, ನನ್ನನ್ನು ನೆಲಕ್ಕೆ ಇಳಿಸಲು ನೀನು ಹೂಡಿದ ಆಟಗಳಲ್ಲಿ ಇದು ಎಷ್ಟನೆಯದು? ಮೊದಲು ನನ್ನ ಮಂಡಿ ನೋವು ಅಂದೆ. ಆಮೇಲೆ ಕನ್ನಡಕ ಅಂದೆ. ಆಮೇಲೆ ಕೋಣೆಗೆ ಸುಣ್ಣ ಅಂದೆ. ಈಗ ಕೆರೆಯನ್ನೂ ನಿನ್ನ ಪಕ್ಷಕ್ಕೆ ಸೇರಿಸಿಕೊಂಡೆ.

ಡಾಕ್ಟರ ಹತ್ತಿರ ಹೋಗಿ ಬಂದೆ. ಕಣ್ಣು, ಎದೆ, ರಕ್ತ, ಎಲ್ಲ ನೋಡಿದರು. "ಏನೂ ಇಲ್ಲಮ್ಮಾ, ನಿಮಗಿಂತ ನನಗೇ ಜಾಸ್ತಿ ಕಾಯಿಲೆ" ಅಂದರು. ಚೀಟಿ ಮೇಜಿನ ಮೇಲಿದೆ. ನಿನ್ನ ಮುಖಕ್ಕೆ ಹಿಡಿಯಬೇಕು ಅಂತ ಇಟ್ಟಿದ್ದೇನೆ.

ಅಮ್ಮ

ಜುಲೈ 4

ಮಗಳೇ,

ಹಿಂದಿನ ಕಾಗದದ ಸಿಟ್ಟು ಈಗ ಇಲ್ಲ. ಹೋಗಿದೆ ಅಂತಲ್ಲ, ಅದನ್ನು ಎಲ್ಲಿ ಇಡಬೇಕು ಗೊತ್ತಾಗುತ್ತಿಲ್ಲ.

ಆ ಕಾಗದ ಹಾಕಿ ಬಂದ ಸಂಜೆಯೇ, ನಿನ್ನದು ಸುಳ್ಳು ಅಂತ ತೋರಿಸಿಬಿಡೋಣ ಎಂದು ಆಫೀಸಿನ ಕರಿಹಲಗೆಯ ಮೇಲೆ ನನ್ನ ಹೆಸರು ಅಳಿಸಿ ಹೊಸಬನ ಹೆಸರು ಬರೆದೆ. ಬೆಳಗ್ಗೆ ಗೆರೆ ನಡುವೆಯೇ ನಿಂತಿತ್ತು. ನೋಡು, ನಾನು ಹೇಳಲಿಲ್ಲವೇ ಅಂತ ನಿನಗೆ ಬರೆಯಲು ಕೂತೆ. ಪೆನ್ನು ಮುಂದೆ ಹೋಗಲಿಲ್ಲ. ಯಾಕೆಂದರೆ ಹೆಸರು ಬರೆಯುವಾಗಲೇ ನನಗೆ ಗೊತ್ತಿತ್ತು, ಬೆಳಗ್ಗೆ ಅದನ್ನು ಅಳಿಸಿ ನಾನೇ ಹತ್ತುತ್ತೇನೆ ಅಂತ. ಹತ್ತಿದೆ ಕೂಡ. ಆ ಕೆರೆಗೆ ಹಲಗೆ ಓದಲು ಬರುವುದಿಲ್ಲ ಕಣೇ. ಅದು ನನ್ನನ್ನು ಓದುತ್ತದೆ.

ಆಮೇಲೆ ಎಷ್ಟೋ ದಿನ ಹಾಗೇ ಕಳೆದೆ. ಮೇಲೆ ಹೋದಾಗಲೆಲ್ಲ ಹಿಂದೆ ಕೂತವರ ಮಾತು ಕೇಳಿಸುತ್ತಿತ್ತು. ಮೊದಲು ಕೇಳಿಸಿಕೊಳ್ಳುತ್ತಿರಲಿಲ್ಲ. ಒಬ್ಬಳು ಮಗುವಿಗೆ, "ನೋಡು, ಈಗ ಅಜ್ಜಿ ನಮ್ಮನ್ನ ನೀರ ಮೇಲೆ ಇಳಿಸ್ತಾರೆ" ಅನ್ನುತ್ತಿದ್ದಳು. ಅಜ್ಜಿ ಅಂದದ್ದಕ್ಕೆ ಸಿಟ್ಟು ಬರಬೇಕಿತ್ತು. ನೀರಿನ ನಡುವೆ ನಿಂತುಹೋದ ದೋಣಿ, ಅದರೊಳಗೆ ಆ ಮಗು, ಮುಂದೆ ನನ್ನ ಬೆನ್ನು. ಅಷ್ಟೇ ಕಣ್ಣ ಮುಂದೆ ಬಂತು. ಇಳಿಸಲು ಆಗದೆ ಕೆರೆಯ ಮೇಲೆ ಇನ್ನೊಂದು ಸುತ್ತು ಹಾಕಿದೆ. ಇಷ್ಟು ವರ್ಷದಲ್ಲಿ ಹಾಗೆ ಯಾವತ್ತೂ ಮಾಡಿದ್ದಿಲ್ಲ.

ಮೊನ್ನೆ ಸಂಜೆ ಎಮ್ಮೆಯೊಳಗೆ ಹೋಗಿ ಸೀಟಿನ ಮೇಲಿದ್ದ ನನ್ನ ದಿಂಬು ತೆಗೆದುಕೊಂಡು ಬಂದೆ. ಕುಳ್ಳಿ ನಾನು, ಅದಿಲ್ಲದೆ ನನಗೆ ಮೂಗಿನ ಮುಂದೆ ಏನೂ ಕಾಣುವುದಿಲ್ಲ. ಹೊಸಬನನ್ನು ಕರೆದು, "ನಾಳೆಯಿಂದ ನಿನ್ನದು ಕಣಪ್ಪಾ. ನೀರು ತಾಕೋ ಮುಂಚೆ ಉಸಿರು ಹಿಡೀಬೇಡ" ಅಂದೆ. ಅವನು ಕಾಲು ಮುಟ್ಟಲು ಬಂದ, ಬೈದು ಕಳಿಸಿದೆ.

ನಿನ್ನೆ ಬೆಳಗ್ಗೆ ಗಾಳಿ ಇರಲಿಲ್ಲ. ಗೆರೆ ದ್ವೀಪದ ಕಡೆಯಿಂದ ಚೊಕ್ಕವಾಗಿ ಬಂದಿತ್ತು. ನಡುವೆ ಗುಂಡನೆಯ ನೊರೆ. ಇಷ್ಟೇ ಅಂದುಕೊಂಡು ತಿರುಗಬೇಕೆನ್ನುವಾಗ ಆ ಗುಂಡಿನಿಂದ ಒಂದು ಸಣ್ಣ ಗೆರೆ ಹೊರಟಿತು. ಇಷ್ಟು ದಿನ ಬಿದ್ದ ಗೆರೆ ನೋಡಿದ್ದೆ, ಬೀಳುತ್ತಿರುವುದನ್ನು ಯಾವತ್ತೂ ನೋಡಿರಲಿಲ್ಲ. ಮುಂದೆ ಏನೂ ಇಲ್ಲ. ದೋಣಿ ಇಲ್ಲ, ಸದ್ದಿಲ್ಲ, ನೀರು ಮಾತ್ರ ಎರಡಾಗಿ ಬಿಚ್ಚಿಕೊಳ್ಳುತ್ತಾ ನನ್ನ ಕಡೆಗೆ ಬಂತು. ಬಂದು ಕಟ್ಟೆಗೆ ತಾಕಿತು. ಸಣ್ಣ ಅಲೆ ಎದ್ದು ನನ್ನ ಚಪ್ಪಲಿ ನೆನೆಸಿತು. ಕಟ್ಟೆಯ ಹಲಗೆಗಳು ಒಂದರ ಹಿಂದೆ ಒಂದು ಕಿರುಗುಟ್ಟಿದವು, ಇಳಿದವರು ಒಬ್ಬೊಬ್ಬರಾಗಿ ನನ್ನನ್ನು ದಾಟಿ ಹೋಗುತ್ತಿದ್ದ ಹಾಗೆ. ನಾನು ಪಕ್ಕಕ್ಕೆ ಸರಿದು ದಾರಿ ಬಿಟ್ಟೆ. ಏನು ಮಾಡಲಿ, ಅಭ್ಯಾಸ.

ಅಲ್ಲೇ ಕೂತು ಅತ್ತೆ. ಬದುಕಿದೆ ಅಂತ ಅತ್ತದ್ದಲ್ಲ. ನಾನಿಲ್ಲದೆ ಅದು ದಡ ಸೇರಿತಲ್ಲ, ಅದಕ್ಕೆ.

ಆ ನೀರಿನ ನಡುವೆ ನನಗೆ ಏನು ಕಾದಿತ್ತೋ ಗೊತ್ತಿಲ್ಲ. ಡಾಕ್ಟರಿಗೂ ಗೊತ್ತಿಲ್ಲ. ಇನ್ನು ಗೊತ್ತಾಗುವುದೂ ಇಲ್ಲ, ಅದನ್ನು ಹೊತ್ತುಕೊಂಡೇ ಇರಬೇಕು. ಹೊಸಬ ಹತ್ತು ಗಂಟೆಗೆ ಹಾರಿಸಿದ. ಮಧ್ಯಾಹ್ನ ವಾಪಸು ಬಂದ. ಚೆನ್ನಾಗಿಯೇ ಇಳಿಸಿದ, ಸುಳ್ಳು ಹೇಳುವುದಿಲ್ಲ. ಹಗ್ಗ ಹಿಡಿಯಲು ಮೀಸೆಯ ಪಕ್ಕ ನಾನೂ ನಿಂತಿದ್ದೆ. ಇಳಿದವರಲ್ಲಿ ಒಬ್ಬರೂ ನನ್ನನ್ನು ಗುರುತಿಸಲಿಲ್ಲ. ಅವರು ಯಾವಾಗಲೂ ನೋಡಿದ್ದು ನನ್ನ ಬೆನ್ನು ತಾನೇ.

ಭಾನುವಾರದ ಬಸ್ಸಿಗೆ ಬರುತ್ತೇನೆ. ನಿಲ್ದಾಣಕ್ಕೆ ಬಾ, ಸಾಮಾನು ಜಾಸ್ತಿ ಇದೆ. ನಿನಗೆ ಖುಷಿಯಾಗಿರುತ್ತದೆ, ಆಗಲಿ, ನಿನ್ನ ತಪ್ಪಲ್ಲ. ಆದರೆ ಸ್ವಲ್ಪ ದಿನ ನನ್ನ ಎದುರಿಗೆ ಖುಷಿಪಡಬೇಡ.

ಅಮ್ಮ